ಪರದೆ ಕೊಳ್ಳುವ ಮೊದಲು ನೆಲದ ಮೇಲೆ ಗೆರೆ ಎಳೆಯಿರಿ: ಇಂಟರಾಕ್ಟಿವ್ ಡಿಜಿಟಲ್ ಪ್ರದರ್ಶನಕ್ಕೆ ಡಿಸ್‌ಪ್ಲೇ ಆರಿಸಿ ಜೋಡಿಸುವ ಬಗೆ

ಡಿಜಿಟಲ್ ಪ್ರದರ್ಶನ ಮಾಡಲು ಹೊರಟವರು ಮೊದಲು ಕೇಳುವುದು ಸಾಮಾನ್ಯವಾಗಿ ಇದನ್ನೇ: "ಎಲ್‌ಇಡಿ ವಾಲ್ ಹಾಕಿಸೋಣವಾ, ಪ್ರೊಜೆಕ್ಟರ್ ಸಾಕಾ?" ಇದಕ್ಕೆ ಕ್ಯಾಟಲಾಗಿನಲ್ಲಿ ಉತ್ತರ ಸಿಗುವುದಿಲ್ಲ. ಕ್ಯಾಟಲಾಗಿನಲ್ಲಿ ಎಲ್ಲ ಪರದೆಯೂ ಚೆಂದವೇ. ಉತ್ತರ ಇರುವುದು ನಿಮ್ಮ ಹಾಲ್‌ನ ನೆಲದ ಮೇಲೆ. ನೋಡಲು ಬಂದವರು ಎಲ್ಲಿ ನಿಲ್ಲುತ್ತಾರೆ, ಅಲ್ಲಿಂದ ಕೈ ಚಾಚುತ್ತಾರಾ, ಗೋಡೆಯ ಮೇಲೆ ಎಷ್ಟು ಬೆಳಕು ಬೀಳುತ್ತದೆ? ಇಷ್ಟು ಗೊತ್ತಾದರೆ ಯಾವ ಪರದೆ, ಎಷ್ಟು ದೊಡ್ಡದು, ಎಷ್ಟು ಎತ್ತರದಲ್ಲಿ ಎಂಬುದನ್ನು ಒಂದೊಂದಾಗಿ ತೀರ್ಮಾನಿಸಬಹುದು. ಅದೇ ಕ್ರಮದಲ್ಲಿ ಹೋಗೋಣ.

ಮೊದಲು ಗೆರೆ

ಖಾಲಿ ಹಾಲ್‌ಗೆ ಒಂದು ಅಳತೆಪಟ್ಟಿ, ಬಣ್ಣದ ಟೇಪು, ದೊಡ್ಡ ರಟ್ಟಿನ ಹಾಳೆಗಳನ್ನು ತೆಗೆದುಕೊಂಡು ಹೋಗಿ. ಪರದೆ ಬರಬೇಕಾದ ಗೋಡೆಗೆ ಅದೇ ಅಳತೆಯ ರಟ್ಟು ಅಂಟಿಸಿ. ನೆಲದ ಮೇಲೆ ಮೂರು ಗೆರೆ ಎಳೆಯಿರಿ. ಮುಟ್ಟುವವರು ನಿಲ್ಲುವುದು ಗೋಡೆಯಿಂದ ಸುಮಾರು ಅರ್ಧ ಮೀಟರಿನಲ್ಲಿ. ಅವರ ಹಿಂದೆ ನಿಂತು ನೋಡುವವರಿಗೆ ಎರಡು ಮೀಟರ್. ನಡೆದುಹೋಗುತ್ತಾ ಕಣ್ಣು ಹಾಯಿಸುವವರಿಗೆ ನಾಲ್ಕೈದು ಮೀಟರ್.

ಎರಡನೇ ಗೆರೆಯನ್ನು ತುಂಬಾ ಜನ ಮರೆಯುತ್ತಾರೆ. ಒಬ್ಬರು ಆಡುತ್ತಿದ್ದರೆ ಮೂರು ಜನ ಸುಮ್ನೆ ನೋಡುತ್ತಿರುತ್ತಾರೆ, ಅಲ್ವಾ? ಆ ಮೂರು ಜನರಿಗೆ ಆಡುವವರ ಬೆನ್ನು ಮಾತ್ರ ಕಂಡರೆ ಅವರು ಮುಂದೆ ಹೋಗಿಬಿಡುತ್ತಾರೆ. ಹಾಗಾಗಿ ಚಿತ್ರದ ಮುಖ್ಯ ಭಾಗ ತಲೆಗಳ ಮೇಲಕ್ಕೂ ಇರಬೇಕು, ಮುಟ್ಟುವ ಗುಂಡಿಗಳು ಕೆಳಗಿರಬೇಕು. ಅಮೆರಿಕದ ಕ್ಲೀವ್‌ಲ್ಯಾಂಡ್ ಕಲಾ ಸಂಗ್ರಹಾಲಯ 2013ರಲ್ಲಿ 40 ಅಡಿ ಅಗಲದ ಮುಟ್ಟುವ ಗೋಡೆಯೊಂದನ್ನು ತೆರೆಯಿತು. ಸಂಗ್ರಹದ ಸಾವಿರಾರು ಕೃತಿಗಳ ಚಿತ್ರ ಅದರ ಮೇಲಿದ್ದವು. ಅಷ್ಟು ಅಗಲ ಇದ್ದುದರಿಂದ ಹಲವರು ಅಕ್ಕಪಕ್ಕ ನಿಂತು ಒಂದೇ ಸಲ ಬಳಸಬಹುದಿತ್ತು. ಅಗಲ ಬೇಕಾಗುವುದು ಹೀಗೆ, ಎಷ್ಟು ಜನ ನಿಲ್ಲುತ್ತಾರೆ ಎಂಬ ಲೆಕ್ಕದಿಂದ. ಒಬ್ಬರಿಗೆ 80 ಸೆಂಟಿಮೀಟರಿಗಿಂತ ಕಡಿಮೆ ಜಾಗ ಕೊಟ್ಟರೆ ಮೊಣಕೈ ತಾಗುತ್ತದೆ.

ಬೆಳಕು ಅಳೆಯುವುದು

ನನ್ನ ಪ್ರಕಾರ ಇಡೀ ಕೆಲಸದಲ್ಲಿ ತೀರಾ ಮುಖ್ಯವಾದ ಹಂತ ಇದು. ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿದು ರಟ್ಟಿನ ಮೇಲೆಯೇ ಅಳೆಯಿರಿ, ಮೇಜಿನ ಮೇಲಲ್ಲ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಹಾಲ್‌ನ ದೀಪವೆಲ್ಲ ಹಾಕಿ ಒಮ್ಮೆ. ಮೊಬೈಲ್ ಆ್ಯಪ್ ಅಂದಾಜಿಗೆ ಸಾಕು, ತೀರ್ಮಾನಕ್ಕೆ ಸಾಲದು.

ಲೆಕ್ಕ ತುಂಬಾ ಸರಳ. ಪ್ರೊಜೆಕ್ಟರ್ ಹೊರಬಿಡುವ ಒಟ್ಟು ಬೆಳಕನ್ನು, ಅಂದರೆ ಅದರ ಲ್ಯೂಮೆನ್ ಅನ್ನು, ಚಿತ್ರದ ಚದರ ಮೀಟರಿನಿಂದ ಭಾಗಿಸಿದರೆ ಗೋಡೆಯ ಪ್ರತಿ ಚದರ ಮೀಟರಿಗೆ ಬೀಳುವ ಬೆಳಕು, ಅಂದರೆ ಲಕ್ಸ್ ಸಿಗುತ್ತದೆ. 6,000 ಲ್ಯೂಮೆನ್ ಪ್ರೊಜೆಕ್ಟರಿನಿಂದ 4 ಮೀಟರ್ ಅಗಲ, 2.25 ಮೀಟರ್ ಎತ್ತರದ ಚಿತ್ರ ಬಿಟ್ಟಿರಿ ಎಂದುಕೊಳ್ಳಿ. ಅದು 9 ಚದರ ಮೀಟರ್. 6,000 ಭಾಗಿಸು 9, ಸುಮಾರು 667 ಲಕ್ಸ್. ಗೋಡೆಯ ಮೇಲೆ ಮೊದಲೇ 50 ಲಕ್ಸ್ ಬೆಳಕಿದ್ದರೆ ಚಿತ್ರದ ಬಿಳಿ ಭಾಗಕ್ಕೆ 717, ಕಪ್ಪು ಭಾಗಕ್ಕೆ 50. ಅಂದರೆ ಕಾಂಟ್ರಾಸ್ಟ್ ಸುಮಾರು 14ಕ್ಕೆ 1. (ಪ್ರೊಜೆಕ್ಟರಿನ ಕಪ್ಪಿನಿಂದ ಸೋರುವ ಬೆಳಕನ್ನು ಇಲ್ಲಿ ಬಿಟ್ಟಿದ್ದೇವೆ. ಅದನ್ನೂ ಸೇರಿಸಿದರೆ ಇನ್ನೂ ಕಡಿಮೆಯಾಗುತ್ತದೆ.)

14 ಸಾಕಾ? ಆಡಿಯೋ ವಿಡಿಯೋ ಉದ್ಯಮದವರ ಸಂಘ ಇನ್ಫೋಕಾಮ್ 2011ರಲ್ಲಿ ಪ್ರೊಜೆಕ್ಷನ್‌ಗೆ ಒಂದು ಮಾನದಂಡ ಕೊಟ್ಟಿತು. ಸುಮ್ನೆ ಕೂತು ನೋಡಲು ಕನಿಷ್ಠ 7ಕ್ಕೆ 1. ಓದಿ ತಿಳಿದುಕೊಂಡು ತೀರ್ಮಾನ ಮಾಡಬೇಕಾದರೆ 15. ಸಣ್ಣ ವಿವರ ಬಿಡಿಸಿ ನೋಡಬೇಕಾದರೆ 50. ಸಿನಿಮಾದಂಥ ಚಲಿಸುವ ಚಿತ್ರಕ್ಕೆ 80. ಅಂದರೆ ನಮ್ಮ ಉದಾಹರಣೆಯ ಗೋಡೆಯಲ್ಲಿ ಅಕ್ಷರ, ನಕಾಶೆ ಹೆಚ್ಚುಕಡಿಮೆ ನಡೆಯುತ್ತವೆ. ರಾತ್ರಿಯ ಕಾಡಿನ ವಿಡಿಯೋ ಹಾಕಿದರೆ ಬೂದಿ ಬಳಿದ ಹಾಗೆ ಕಾಣುತ್ತದೆ. ಅದೇ ಗೋಡೆಯ ಬೆಳಕನ್ನು 10 ಲಕ್ಸ್‌ಗೆ ಇಳಿಸಿ, ಕಾಂಟ್ರಾಸ್ಟ್ 67 ದಾಟುತ್ತದೆ. 150 ಲಕ್ಸ್‌ಗೆ ಏರಿಸಿ, 5ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಪ್ರೊಜೆಕ್ಟರ್ ಮೂರೂ ಸಲ ಅದೇ!

ಆದ್ದರಿಂದ ದೊಡ್ಡ ಪ್ರೊಜೆಕ್ಟರಿಗೆ ದುಡ್ಡು ಹಾಕುವ ಮೊದಲು ಪರದೆಯ ಕಡೆ ತಿರುಗಿರುವ ದೀಪಗಳನ್ನು ತಿರುಗಿಸಿ, ಕಿಟಕಿಗೆ ಕಪ್ಪು ಬಟ್ಟೆ ಹಾಕಿ, ಎದುರು ಗೋಡೆಗೆ ಗಾಢ ಬಣ್ಣ ಬಳಿಸಿ. ಎದುರಿನ ಬಿಳಿ ಗೋಡೆ ಚಿತ್ರದ ಬೆಳಕನ್ನೇ ವಾಪಸ್ ಎಸೆದು ಕಪ್ಪನ್ನು ಕೆಡಿಸುತ್ತದೆ. ಬೆಳಕು ಕಡಿಮೆ ಮಾಡಲು ಆಗುವುದೇ ಇಲ್ಲ, ಗಾಜಿನ ಹಾಲ್ ಎಂದಾದರೆ ಪ್ರೊಜೆಕ್ಟರನ್ನು ಮರೆತುಬಿಡಿ. ಅಲ್ಲಿಗೆ ಎಲ್‌ಇಡಿ ಅಥವಾ ಜಾಸ್ತಿ ಪ್ರಕಾಶದ ಎಲ್‌ಸಿಡಿಯೇ ಬೇಕು.

ಇನ್ನೊಂದು ವಿಷಯ. ಪಕ್ಕದಲ್ಲಿ ಹಳೆಯ ಕಾಗದ, ಬಟ್ಟೆ, ನೀರುಬಣ್ಣದ ಚಿತ್ರ ಇಟ್ಟಿದ್ದರೆ ಅವುಗಳ ಮೇಲೆ 50 ಲಕ್ಸ್‌ಗಿಂತ ಜಾಸ್ತಿ ಬೀಳದ ಹಾಗೆ ನೋಡಿಕೊಳ್ಳುವುದು ಸಂಗ್ರಹಾಲಯಗಳಲ್ಲಿ ರೂಢಿ. ಉರಿಯುವ ಎಲ್‌ಇಡಿ ಗೋಡೆ ಪಕ್ಕದಲ್ಲೇ ಇದ್ದರೆ ಆ ಮಿತಿ ಸುಲಭವಾಗಿ ಮೀರಿಹೋಗುತ್ತದೆ. ವಸ್ತುವಿನ ಮೇಲೆ ಮೀಟರ್ ಇಟ್ಟು, ಪರದೆಯಲ್ಲಿ ಪೂರ್ತಿ ಬಿಳಿ ಹಾಕಿ ಅಳೆದು ನೋಡಿ.

ದೂರ ನೋಡಿ ಪರದೆ ಆರಿಸಿ

ಎಲ್‌ಇಡಿ ಗೋಡೆಯಲ್ಲಿ ನೋಡಬೇಕಾದ್ದು ಪಿಕ್ಸೆಲ್ ಪಿಚ್. ಒಂದು ಚುಕ್ಕೆಯ ನಡುವಿನಿಂದ ಪಕ್ಕದ ಚುಕ್ಕೆಯ ನಡುವಿಗಿರುವ ಅಂತರ ಅದು, ಮಿಲಿಮೀಟರಿನಲ್ಲಿ. ಈ ಕೆಲಸದವರು ಹೇಳುವ ಸುಲಭದ ಲೆಕ್ಕ: ಪಿಚ್ ಎಷ್ಟು ಮಿಲಿಮೀಟರೋ, ಕನಿಷ್ಠ ಅಷ್ಟು ಮೀಟರ್ ದೂರ ನಿಂತು ನೋಡಬೇಕು. ಚುಕ್ಕೆ ಪೂರ್ತಿ ಮಾಯವಾಗಬೇಕಾದರೆ ಅದರ ಸುಮಾರು 3.4 ಪಟ್ಟು ದೂರ. 2.5 ಪಿಚ್‌ನ ಗೋಡೆ ಎರಡೂವರೆ ಮೀಟರಿನಿಂದ ನಡೆಯುತ್ತದೆ, ಎಂಟೂವರೆ ಮೀಟರಿನಲ್ಲಿ ನುಣುಪಾಗಿ ಕಾಣುತ್ತದೆ.

ಈಗ ನಿಮ್ಮ ಮೊದಲನೇ ಗೆರೆ ನೆನಪಿಸಿಕೊಳ್ಳಿ. ಮುಟ್ಟುವವರು ಅರ್ಧ ಮೀಟರಿನಲ್ಲಿದ್ದಾರೆ. ಅಷ್ಟು ಹತ್ತಿರಕ್ಕೆ 2.5 ಪಿಚ್ ಹಾಕಿದರೆ ಅವರಿಗೆ ಚಿತ್ರ ಕಾಣುವುದಿಲ್ಲ, ಚುಕ್ಕೆ ಕಾಣುತ್ತವೆ. 55 ಇಂಚಿನ 4ಕೆ ಎಲ್‌ಸಿಡಿಯಲ್ಲಿ ಪಿಕ್ಸೆಲ್ 0.32 ಮಿಲಿಮೀಟರ್ ಇರುತ್ತದೆ. ಕೈ ಅಳತೆಯಲ್ಲಿ ಓದಲು ಅದೇ ಸರಿ. ಹಾಗಾಗಿ ನನ್ನ ಸಲಹೆ ಯಾವಾಗಲೂ ಇದು: ದೂರಕ್ಕೆ ಎಲ್‌ಇಡಿ ಗೋಡೆ, ಅದರ ಮುಂದೆ ಒಂದೆರಡು ಮೀಟರ್ ಈಚೆ ಮುಟ್ಟಲು ಬೇರೆ ಎಲ್‌ಸಿಡಿ ಮೇಜು. ಮೇಜಿನ ಮೇಲೆ ಕೈ ಆಡಿಸಿದರೆ ಗೋಡೆಯ ಮೇಲೆ ಚಿತ್ರ ಬದಲಾಗಲಿ. ಹಿಂದೆ ನಿಂತವರಿಗೂ ಕಾಣುತ್ತದೆ, ಆಡುವವರಿಗೂ ಓದಲು ಸಿಗುತ್ತದೆ.

ಎಲ್‌ಇಡಿ ಗೋಡೆಯನ್ನೇ ಮುಟ್ಟಿಸಬೇಕು ಎಂದಿದ್ದರೆ ಸಿಒಬಿ ಬಗೆಯದನ್ನು ಕೇಳಿ. ಅದರಲ್ಲಿ ಚುಕ್ಕೆಗಳ ಮೇಲೆ ರೆಸಿನ್ ಪದರ ಇರುತ್ತದೆ. ಎಸ್‌ಎಂಡಿ ಬಗೆಯಲ್ಲಿ ಚುಕ್ಕೆಗಳು ಹೊರಗೆ ನಿಂತಿರುತ್ತವೆ. ಬ್ಯಾಗು, ಶೂ, ಮಕ್ಕಳ ಆಟಿಕೆ ತಾಗಿದರೆ ಉದುರುತ್ತವೆ, ಅದರಲ್ಲೂ ಕೆಳಗಿನ ಅಂಚು ಮತ್ತು ಮೂಲೆಗಳಲ್ಲಿ. ಗೋಡೆಯನ್ನು ನೆಲದವರೆಗೆ ಇಳಿಸದೆ 40–50 ಸೆಂಟಿಮೀಟರ್ ಮೇಲೆ ಶುರು ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ.

ಪಿಚ್ ಜೊತೆಗೆ ಗೋಡೆಯ ಒಟ್ಟು ರೆಸಲ್ಯೂಷನ್ ಕೂಡ ಲೆಕ್ಕ ಹಾಕಿ. 2.5 ಪಿಚ್‌ನಲ್ಲಿ ಪೂರ್ತಿ ಎಚ್‌ಡಿ ಚಿತ್ರ ಬೇಕೆಂದರೆ ಗೋಡೆ 4.8 ಮೀಟರ್ ಅಗಲ, 2.7 ಮೀಟರ್ ಎತ್ತರ ಇರಬೇಕು. ನಿಮ್ಮ ಗೋಡೆ 4 ಮೀಟರಾದರೆ ಅಡ್ಡಕ್ಕೆ 1,600 ಪಿಕ್ಸೆಲ್ ಮಾತ್ರ. ಚಿತ್ರ ತಯಾರಿಸುವವರಿಗೆ ಈ ಅಂಕಿಯನ್ನು ಮೊದಲ ದಿನವೇ ಕೊಡಬೇಕು. ಇಲ್ಲವಾದರೆ ಅವರು 4ಕೆಯಲ್ಲಿ ಬರೆದ ಸಣ್ಣ ಅಕ್ಷರಗಳು ಗೋಡೆಯ ಮೇಲೆ ಕಲಸಿಹೋಗುತ್ತವೆ.

ಕತ್ತಲೆ ಹಾಲ್‌ನಲ್ಲಿ ಎಲ್‌ಇಡಿಯ ಪೂರ್ತಿ ಪ್ರಕಾಶ ಕಣ್ಣು ಕುಕ್ಕುತ್ತದೆ. ಸಿನಿಮಾ ಮಂದಿರದ ಪರದೆಯ ಪ್ರಕಾಶಕ್ಕೆ ಡಿಜಿಟಲ್ ಸಿನಿಮಾದ ಮಾನದಂಡ ಕೇವಲ 48 ನಿಟ್ಸ್ (ಪರದೆ ಎಷ್ಟು ಹೊಳೆಯುತ್ತದೆ ಎಂಬುದರ ಅಳತೆ). ಒಳಾಂಗಣದ ಎಲ್‌ಇಡಿ 600 ನಿಟ್ಸ್ ಮೇಲೆ ಕೊಡುವುದು ಸಾಮಾನ್ಯ. ತಗ್ಗಿಸಿಯೇ ಬಳಸುತ್ತೀರಿ. ತಗ್ಗಿಸಿದಾಗ ಕಪ್ಪಿನ ಹತ್ತಿರದ ಛಾಯೆಗಳು ಪಟ್ಟೆಪಟ್ಟೆಯಾಗಿ ಒಡೆಯುವ ಮಾಡ್ಯೂಲ್‌ಗಳೂ (ಗೋಡೆಯನ್ನು ಕಟ್ಟುವ ಬಿಡಿ ಎಲ್‌ಇಡಿ ಹಲಗೆಗಳು) ಇವೆ. ಡೆಮೊ ನೋಡುವಾಗ ಹೊಳೆಯುವ ಹೂವಿನ ವಿಡಿಯೋ ಬೇಡ ಅನ್ನಿ. ಪ್ರಕಾಶವನ್ನು ಶೇಕಡ 20ಕ್ಕೆ ಇಳಿಸಿ, ಬೂದಿಯಿಂದ ಕಪ್ಪಿಗೆ ಇಳಿಯುವ ಚಿತ್ರ ಹಾಕಿಸಿ. ಹಾಗೆಯೇ ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ. ಬಂದವರೆಲ್ಲ ಫೋಟೊ ತೆಗೆಯುವವರೇ. ರಿಫ್ರೆಶ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿ ಮೂಡುತ್ತದೆ ಎಂಬುದು) ಕಡಿಮೆ ಇರುವ ಗೋಡೆಯಲ್ಲಿ ಫೋಟೊದೊಳಗೆ ಕಪ್ಪು ಪಟ್ಟಿ ಬರುತ್ತದೆ. 3,840 ಹರ್ಟ್ಜ್ ಇರುವುದನ್ನು ಕೇಳುವುದು ಇದಕ್ಕೇ.

ಎಲ್‌ಸಿಡಿಗಳನ್ನು ಜೋಡಿಸಿದ ಗೋಡೆ ಅಗ್ಗ, ಆದರೆ ನಡುವೆ ಗೆರೆ ಇರುತ್ತದೆ. ತೆಳು ಎಂದರೂ ಎರಡು ಪರದೆಗಳ ನಡುವೆ 0.88ರಿಂದ 3.5 ಮಿಲಿಮೀಟರ್. ನಕಾಶೆಗೆ ಪರವಾಗಿಲ್ಲ. ಮನುಷ್ಯರ ಮುಖ ಆ ಗೆರೆಯ ಮೇಲೆ ಬಂದರೆ ಸಹಿಸಲು ಆಗುವುದಿಲ್ಲ. ಓಎಲ್‌ಇಡಿಯ ಕಪ್ಪು ನಿಜವಾದ ಕಪ್ಪು, ಆದರೆ ದಿನವಿಡೀ ಒಂದೇ ಜಾಗದಲ್ಲಿ ಲೋಗೊ, ಮೆನು ನಿಂತಿದ್ದರೆ ಅಚ್ಚು ಉಳಿದುಬಿಡುತ್ತದೆ.

"ಹೊಲೊಗ್ರಾಮ್" ಎಂದು ಮಾರುವವರ ಬಗ್ಗೆ ಒಂದು ಮಾತು. ಅವುಗಳಲ್ಲಿ ಎಷ್ಟೋ 45 ಡಿಗ್ರಿ ಓರೆ ಇಟ್ಟ ಗಾಜಿನಲ್ಲಿ ಕಾಣುವ ಪ್ರತಿಬಿಂಬ ಮಾತ್ರ. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ರಂಗದ ಮೇಲೆ ದೆವ್ವ ತೋರಿಸಿದ್ದು ಇದೇ ಉಪಾಯದಿಂದ. ಇಂದಿಗೂ ಅದು ಜನರನ್ನು ಹಿಡಿದು ನಿಲ್ಲಿಸುತ್ತದೆ, ಖಂಡಿತ ಬಳಸಿ. ಆದರೆ ಒಂದು ಕಡೆಯಿಂದ ಮಾತ್ರ ಚೆನ್ನಾಗಿ ಕಾಣುತ್ತದೆ, ಕತ್ತಲೆ ಬೇಕು, ಕೈ ಹಾಕಲು ಬರುವುದಿಲ್ಲ. ಹೊಲೊಗ್ರಾಮ್ ಎಂಬ ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಡಿ.

ನೆರಳಿನ ಲೆಕ್ಕ

ಗೋಡೆಯನ್ನು ಜನ ಮುಟ್ಟುವ ಕಡೆ ಪ್ರೊಜೆಕ್ಟರ್ ಬಳಸಿದರೆ ಕಾಡುವುದು ನೆರಳು. ಇದನ್ನು ಕಾಗದದ ಮೇಲೆಯೇ ಬಗೆಹರಿಸಬಹುದು.

ಮೇಲಿನ 4 ಮೀಟರ್ ಅಗಲದ ಚಿತ್ರವನ್ನೇ ತೆಗೆದುಕೊಳ್ಳಿ. ಚಿತ್ರ ನೆಲದಿಂದ 1 ಮೀಟರ್ ಮೇಲೆ ಶುರುವಾಗುತ್ತದೆ. ಪ್ರೊಜೆಕ್ಟರ್ 4 ಮೀಟರ್ ಎತ್ತರದಲ್ಲಿದೆ. ಗೋಡೆಯಿಂದ 6 ಮೀಟರ್ ಹಿಂದೆ ನೇತುಹಾಕಿದ್ದೀರಿ. 1.7 ಮೀಟರ್ ಎತ್ತರದ ಒಬ್ಬರು ಗೋಡೆಯಿಂದ ಅರ್ಧ ಮೀಟರಿನಲ್ಲಿ ನಿಂತಿದ್ದಾರೆ. ಲೆನ್ಸಿನಿಂದ ಅವರ ತಲೆಯ ಮೇಲೆ ಹಾದು ಗೋಡೆಗೆ ಒಂದು ನೇರ ಗೆರೆ ಎಳೆಯಿರಿ. ಅದು ಗೋಡೆಗೆ ತಾಗುವುದು 1.49 ಮೀಟರಿನಲ್ಲಿ. ಅಂದರೆ ಅರ್ಧ ಮೀಟರಿನಷ್ಟು ತಲೆ, ಭುಜದ ನೆರಳು ಚಿತ್ರದೊಳಗೆ ಬಿತ್ತು. ನೆರಳು ಬೀಳಬಾರದು ಎಂದರೆ ಅವರು ಗೋಡೆಯಿಂದ ಸುಮಾರು ಒಂದೂವರೆ ಮೀಟರ್ ದೂರಕ್ಕೆ ಹೋಗಬೇಕು. ಅಲ್ಲಿಂದ ಕೈ ಗೋಡೆಗೆ ಎಟುಕುವುದಿಲ್ಲ.

ಅದೇ ಎತ್ತರದಲ್ಲಿ ಪ್ರೊಜೆಕ್ಟರನ್ನು ಗೋಡೆಯಿಂದ 2 ಮೀಟರಿಗೆ ತನ್ನಿ. ಈಗ ಆ ಗೆರೆ ಗೋಡೆಗೆ ತಾಗುವುದು 0.93 ಮೀಟರಿನಲ್ಲಿ. ಚಿತ್ರ ಶುರುವಾಗುವುದೇ 1 ಮೀಟರಿನಿಂದ. ತಲೆಯ ನೆರಳು ಚಿತ್ರದಿಂದ ಪೂರ್ತಿ ಹೊರಗೆ ಹೋಯಿತು! ಚಾಚಿದ ಕೈಯ ನೆರಳು ಕೈಯ ಕೆಳಗೇ ಸಣ್ಣದಾಗಿ ಬೀಳುತ್ತದೆ, ಅದು ಯಾರಿಗೂ ಅಡ್ಡಿಯಲ್ಲ.

ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವುದು ಥ್ರೋ ರೇಷಿಯೊ. ಮೊದಲನೆಯದು 1.5, ಎರಡನೆಯದು 0.5. ಲೆನ್ಸ್ ಆರಿಸುವಾಗ ಕೇಳಬೇಕಾದ ಸಂಖ್ಯೆ ಇದು. ನಿಮ್ಮ ಹಾಲ್‌ನ ಅಳತೆ ಹಾಕಿ ಒಮ್ಮೆ ಅಡ್ಡಸೀಳಿನ ಚಿತ್ರ ಬರೆದುಬಿಡಿ, ಹತ್ತು ನಿಮಿಷದ ಕೆಲಸ. ಹತ್ತಿರದಿಂದ ಬಿಡುವಾಗ ಗೋಡೆ ಸಮತಟ್ಟಾಗಿರಬೇಕು ಎಂಬುದನ್ನು ಮಾತ್ರ ಮರೆಯಬೇಡಿ. ಬೆಳಕು ಓರೆಯಾಗಿ ಬೀಳುವುದರಿಂದ ಗಾರೆಯ ಸಣ್ಣ ಉಬ್ಬು ಕೂಡ ಅಲೆಯಂತೆ ಎದ್ದು ಕಾಣುತ್ತದೆ.

ನೆಲದ ಮೇಲೆ ಚಿತ್ರ ಬಿಡುವುದು ಇದಕ್ಕಿಂತ ಸಲೀಸು, ಏಕೆಂದರೆ ನೆತ್ತಿಯ ಮೇಲಿನಿಂದ ಬೆಳಕು ಬಂದರೆ ನೆರಳು ಕಾಲಡಿಯಲ್ಲೇ ಉಳಿಯುತ್ತದೆ. ಆಸ್ಟ್ರಿಯಾದ ಲಿಂಜ್‌ನಲ್ಲಿರುವ ಆರ್ಸ್ ಎಲೆಕ್ಟ್ರಾನಿಕಾ ಕೇಂದ್ರದ ಡೀಪ್ ಸ್ಪೇಸ್‌ನಲ್ಲಿ ಗೋಡೆ, ನೆಲ ಎರಡರಲ್ಲೂ 16 ಮೀಟರಿಗೆ 9 ಮೀಟರಿನ ಚಿತ್ರ ಬೀಳುತ್ತದೆ. ಜನ ಚಿತ್ರದ ಮೇಲೆಯೇ ನಡೆದಾಡುತ್ತಾರೆ. ನೆಲ ತಿಳಿ ಬಣ್ಣದ್ದು, ಹೊಳಪಿಲ್ಲದ್ದು ಆಗಿರಲಿ. ಹೊಳೆಯುವ ಟೈಲ್ಸ್ ಆದರೆ ಪ್ರೊಜೆಕ್ಟರಿನ ಬೆಳಕು ನೇರ ಕಣ್ಣಿಗೆ ಬರುತ್ತದೆ.

ಎರಡು ಪ್ರೊಜೆಕ್ಟರುಗಳ ಚಿತ್ರ ಸೇರಿಸುವುದಾದರೆ ಅವುಗಳ ಅಂಚು ಒಂದರ ಮೇಲೊಂದು ಶೇಕಡ 10ರಿಂದ 20ರಷ್ಟು ಬೀಳಲಿ. ಕಪ್ಪು ದೃಶ್ಯದಲ್ಲಿ ಆ ಪಟ್ಟಿ ಸ್ವಲ್ಪ ತಿಳಿಯಾಗಿ ಕಾಣುವುದು ಸಹಜ, ಏಕೆಂದರೆ ಅಲ್ಲಿ ಎರಡು ಪ್ರೊಜೆಕ್ಟರುಗಳ ಸೋರುವ ಬೆಳಕು ಸೇರುತ್ತದೆ. ಪೂರ್ತಿ ಕಪ್ಪು ಹಿನ್ನೆಲೆ ಇಲ್ಲದ ಚಿತ್ರ ಮಾಡಿಸಿಕೊಳ್ಳುವುದೇ ಸುಲಭದ ಪರಿಹಾರ.

ಕೈ, ಕಾಲು ಗುರುತಿಸುವುದು

ಒಬ್ಬರು, ಹತ್ತಿರ, ಬೆರಳು: ಕೆಪ್ಯಾಸಿಟಿವ್ ಟಚ್. ಫೋನಿನಲ್ಲಿರುವ ಬಗೆಯೇ. ಗ್ಲೌಸ್ ಹಾಕಿದ್ದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ದೊಡ್ಡ ಪರದೆಗೆ ಅಗ್ಗದ್ದು, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನ ಚೌಕಟ್ಟು. ಅದು ಬೆರಳನ್ನೂ ನೋಡುತ್ತದೆ, ತೋಳಿನ ಬಟ್ಟೆಯನ್ನೂ ನೋಡುತ್ತದೆ. ಮೇಜಿನಂತೆ ಮಲಗಿಸಿದ ಪರದೆಗೆ ಇದನ್ನು ಹಾಕಬೇಡಿ. ಜನ ಅದರ ಮೇಲೆ ಮೊಣಕೈ ಊರುತ್ತಾರೆ.

ಪ್ರೊಜೆಕ್ಷನ್ ಗೋಡೆಗೆ 2ಡಿ ಲೈಡಾರ್ ಚೆನ್ನಾಗಿ ಒಗ್ಗುತ್ತದೆ. ಗೋಡೆಗೆ ಕೆಲವು ಸೆಂಟಿಮೀಟರ್ ಮುಂದೆ, ಗೋಡೆಗೆ ಸಮನಾಗಿ ಕಾಣದ ಲೇಸರ್ ಹಾಳೆಯೊಂದನ್ನು ಹರಡಿ, ಅದನ್ನು ತುಂಡರಿಸಿದ ಕೈಯ ಜಾಗ ಹೇಳುತ್ತದೆ. ಇಡೀ ಮೈಯ ಚಲನೆ ಬೇಕಾದರೆ, ಎದುರಿನವರ ದೂರವನ್ನೂ ಅಳೆಯುವ ಡೆಪ್ತ್ ಕ್ಯಾಮೆರಾ. ಇವುಗಳಲ್ಲಿ ಹೆಚ್ಚಿನವು ಇನ್ಫ್ರಾರೆಡ್ ಮೇಲೆ ನಡೆಯುವುದರಿಂದ ಬಿಸಿಲು ಬಿದ್ದ ಕಡೆ ಕುರುಡಾಗುತ್ತವೆ. ಕೆಲವು ಕಪ್ಪು ಬಟ್ಟೆಗಳು ಇನ್ಫ್ರಾರೆಡ್ ಅನ್ನು ಹೀರಿಕೊಳ್ಳುತ್ತವೆ, ಆಗ ಅದನ್ನು ತೊಟ್ಟವರನ್ನು ಕ್ಯಾಮೆರಾ ಗುರುತಿಸುವುದೇ ಇಲ್ಲ. ಪರೀಕ್ಷೆಗೆ ಕಪ್ಪು ಬಟ್ಟೆಯವರು, ಪುಟ್ಟ ಮಕ್ಕಳು, ಗಾಲಿಕುರ್ಚಿಯಲ್ಲಿ ಬರುವವರು ಮೂವರೂ ಇರಲೇಬೇಕು. ತನ್ನನ್ನು ಮಾತ್ರ ಯಂತ್ರ ಗುರುತಿಸಲಿಲ್ಲ ಎಂದರೆ ಮಗುವಿಗೆ ನಿಜಕ್ಕೂ ನೋವಾಗುತ್ತದೆ.

ಸೆನ್ಸರ್ ಓದುವ ಭಾಗ ಮತ್ತು ಚಿತ್ರ ತೋರಿಸುವ ಭಾಗ ಬೇರೆ ಬೇರೆ ಪ್ರೋಗ್ರಾಮ್ ಆಗಿರಲಿ, ನಡುವೆ ಮುಟ್ಟಿದ ಜಾಗವನ್ನು ಒಂದರಿಂದ ಇನ್ನೊಂದಕ್ಕೆ ತಿಳಿಸುವ ಟುಯೊದಂಥ ಮುಕ್ತ ಪ್ರೋಟೋಕಾಲ್ ಇರಲಿ. 2010ರಲ್ಲಿ ಮೈಕ್ರೋಸಾಫ್ಟಿನ ಡೆಪ್ತ್ ಕ್ಯಾಮೆರಾ ಕಿನೆಕ್ಟ್ ಬಂದಾಗ ಎಷ್ಟೋ ಪ್ರದರ್ಶನಗಳು ಅದರ ಮೇಲೆ ನಿಂತವು. ಆ ಸಾಲಿನ ಅಜೂರ್ ಕಿನೆಕ್ಟ್ ತಯಾರಿಕೆಯನ್ನೂ 2023ರಲ್ಲಿ ನಿಲ್ಲಿಸಿದರು. ಸೆನ್ಸರ್ ಬದಲಾದರೂ ಚಿತ್ರದ ಭಾಗ ಮುಟ್ಟದೆ ಉಳಿಯುವಂತಿರಬೇಕು.

ತಡವನ್ನು ಅಳೆಯದೆ ಒಪ್ಪಿಕೊಳ್ಳಬೇಡಿ. ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಹಾಕಿ, ಕೈ ಮತ್ತು ಪರದೆ ಎರಡೂ ಕಾಣುವಂತೆ ವಿಡಿಯೋ ತೆಗೆಯಿರಿ. ಬೆರಳು ತಾಗಿದ ಫ್ರೇಮಿನಿಂದ ಚಿತ್ರ ಬದಲಾದ ಫ್ರೇಮಿನವರೆಗೆ ಎಣಿಸಿ. ಒಂದು ಫ್ರೇಮಿಗೆ ಸುಮಾರು 4 ಮಿಲಿಸೆಕೆಂಡ್. 24 ಫ್ರೇಮ್ ಬಂದರೆ 100 ಮಿಲಿಸೆಕೆಂಡ್. ಗುಂಡಿ ಒತ್ತುವುದಕ್ಕೆ ಇಷ್ಟು ನಡೆಯುತ್ತದೆ. ಬೆರಳಿನಲ್ಲಿ ಚಿತ್ರ ಎಳೆಯುವ ಆಟಕ್ಕೆ ಇದು ಜಾಸ್ತಿ, ಚಿತ್ರ ಬೆರಳಿನ ಹಿಂದೆ ಓಡಿಬರುತ್ತಿರುತ್ತದೆ. ಮೊದಲು ಪರದೆಯ ಸೆಟ್ಟಿಂಗ್‌ನಲ್ಲಿ ಚಿತ್ರ ಸುಧಾರಿಸುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ, ಗೇಮ್ ಮೋಡ್ ಹಾಕಿ ಮತ್ತೆ ಅಳೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಅರ್ಧ ತಡ ಹೋಗುತ್ತದೆ.

ಎತ್ತರ, ಅಕ್ಷರ

ಮುಟ್ಟಬೇಕಾದ್ದೆಲ್ಲ ನೆಲದಿಂದ 38ರಿಂದ 122 ಸೆಂಟಿಮೀಟರ್ ಒಳಗೆ ಇರಲಿ. ಗಾಲಿಕುರ್ಚಿಯಲ್ಲಿ ಕೂತವರ ಕೈಗೆ ಎಟುಕಲೆಂದು ಅಮೆರಿಕದ ಅಂಗವಿಕಲರ ಹಕ್ಕಿನ ಕಾಯ್ದೆಯ (ಎಡಿಎ) ನಿಯಮ ಇಟ್ಟಿರುವ ಅಳತೆ ಇದು. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಮಿಂಚುವ ದೃಶ್ಯ ಬೇಡವೇ ಬೇಡ, ಮೂರ್ಛೆ ರೋಗ ಇರುವವರಿಗೆ ಅಪಾಯ.

ಮೂರು ಮೀಟರ್ ದೂರದಿಂದ ಆರಾಮವಾಗಿ ಓದಲು ಅಕ್ಷರ 25 ಮಿಲಿಮೀಟರ್ ಎತ್ತರ ಇರಬೇಕು. ಒತ್ತಕ್ಷರ ಇರುವ ಲಿಪಿಗಳಲ್ಲಿ ಮೂಲ ಅಕ್ಷರಕ್ಕೆ ಈ ಅಳತೆ ಹಿಡಿಯಿರಿ, ಒತ್ತಿನ ಜಾಗ ಅದರ ಕೆಳಗೆ ಬೇರೆ ಬಿಡಿ. ಆಟ ತಯಾರಿಸುವ ಕೆಲವು ಸಾಫ್ಟ್‌ವೇರುಗಳು ಒತ್ತಕ್ಷರವನ್ನು ಒಡೆದು ತೋರಿಸುತ್ತವೆ. "ಶಾಸ್ತ್ರ", "ರಾಷ್ಟ್ರ" ಎಂದು ಟೈಪ್ ಮಾಡಿ ಮೊದಲ ವಾರವೇ ನೋಡಿಬಿಡಿ.

ತಂತಿ, ಬಿಸಿ, ಬೆಳಗಿನ ಸ್ವಿಚ್ಚು

ಸಾಮಾನ್ಯ ಎಚ್‌ಡಿಎಂಐ ಕೇಬಲನ್ನು 4ಕೆ ಚಿತ್ರಕ್ಕೆ ಹತ್ತು ಮೀಟರಿಗಿಂತ ದೂರ ನಂಬಬೇಡಿ. ಅದಕ್ಕಿಂತ ದೂರಕ್ಕೆ ಫೈಬರ್ ಇರುವ ಎಚ್‌ಡಿಎಂಐ, ಅಥವಾ ನೆಟ್‌ವರ್ಕ್ ಕೇಬಲಿನಲ್ಲಿ 100 ಮೀಟರ್‌ವರೆಗೆ ಒಯ್ಯುವ ಎಚ್‌ಡಿಬೇಸ್‌ಟಿ. ಗೋಡೆ ಮುಚ್ಚುವ ಮೊದಲು ಪ್ರತಿ ಜಾಗಕ್ಕೂ ಒಂದು ಹೆಚ್ಚಿನ ತಂತಿ ಎಳೆಸಿ.

ಉಪಕರಣ ತೆಗೆದುಕೊಳ್ಳುವ ವಿದ್ಯುತ್ ಪೂರ್ತಿ ಕೊನೆಗೆ ಹಾಲ್‌ನಲ್ಲೇ ಬಿಸಿಯಾಗಿ ಉಳಿಯುತ್ತದೆ. 3 ಕಿಲೋವ್ಯಾಟ್ ಉರಿಯುವ ಗೋಡೆಗೆ ಹತ್ತಿರಹತ್ತಿರ ಒಂದು ಟನ್ ಎಸಿ ಬೇಕು, ಜನರ ಬಿಸಿ ಬೇರೆ. ಮನೆಯ ಟಿವಿಯನ್ನು ಪೆಟ್ಟಿಗೆಯೊಳಗೆ ಮುಚ್ಚಿ ದಿನಕ್ಕೆ 12 ಗಂಟೆ ಓಡಿಸಿದರೆ ಜಾಸ್ತಿ ದಿನ ಬಾಳುವುದಿಲ್ಲ. ದಿನವಿಡೀ ಓಡಲೆಂದೇ ಮಾಡಿದ ಪ್ಯಾನೆಲ್ ಕೊಳ್ಳಿ, ಅಡ್ಡಕ್ಕಲ್ಲದೆ ಉದ್ದಕ್ಕೆ ನಿಲ್ಲಿಸಿ ಹಾಕುವುದಾದರೆ ಅದಕ್ಕೆ ತಯಾರಕರ ಒಪ್ಪಿಗೆ ಇದೆಯಾ ನೋಡಿ. ಪ್ರೊಜೆಕ್ಟರ್ ಲೇಸರಿನದ್ದೇ ಆಗಲಿ. ಪ್ರಕಾಶ ಅರ್ಧಕ್ಕೆ ಇಳಿಯಲು ಸುಮಾರು 20,000 ಗಂಟೆ ಹಿಡಿಯುತ್ತದೆ. ಲ್ಯಾಂಪ್ ಆದರೆ ಕೆಲವೇ ಸಾವಿರ ಗಂಟೆಗೆ ಅದನ್ನು ಬದಲಿಸಲು ಏಣಿ ಹತ್ತಬೇಕು.

ಬಾಗಿಲು ತೆರೆಯುವವರಿಗೆ ಕಂಪ್ಯೂಟರ್ ಗೊತ್ತಿರಬೇಕಾಗಿಲ್ಲ. ಅವರು ಒಂದು ಸ್ವಿಚ್ ಒತ್ತಿದರೆ ಎಲ್ಲ ಸರದಿಯಂತೆ ಎದ್ದು ನಿಲ್ಲಬೇಕು. ಟೋಕಿಯೊದಲ್ಲಿ 2018ರಲ್ಲಿ ತೆರೆದ ಡಿಜಿಟಲ್ ಕಲಾ ಸಂಗ್ರಹಾಲಯ ಟೀಮ್‌ಲ್ಯಾಬ್ ಬಾರ್ಡರ್‌ಲೆಸ್‌ನಲ್ಲಿ 520 ಕಂಪ್ಯೂಟರು, 470 ಪ್ರೊಜೆಕ್ಟರು ಇದ್ದವು. ಅಷ್ಟನ್ನು ಕೈಯಿಂದ ಆನ್ ಮಾಡುತ್ತಾ ಕೂರಲು ಆಗುತ್ತದೆಯೇ? ನಿಮ್ಮಲ್ಲಿ ಐದೇ ಇದ್ದರೂ ಇದೇ ರೀತಿ ಯೋಚಿಸಿ. ಪ್ರೊಜೆಕ್ಟರುಗಳಿಗೆ ಪಿಜೆಲಿಂಕ್ ಎಂಬ ಸಾಮಾನ್ಯ ಪ್ರೋಟೋಕಾಲ್ ಮೂಲಕ ನೆಟ್‌ವರ್ಕಿನಿಂದಲೇ ಆದೇಶ ಕಳಿಸಬಹುದು. ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಆನ್ ಆಗುವ ಆಯ್ಕೆ ಹಾಕಿ. ಅಪ್‌ಡೇಟ್, ನೋಟಿಫಿಕೇಷನ್ ಎಲ್ಲ ನಿಲ್ಲಿಸಿ. ಪ್ರೋಗ್ರಾಮ್ ಸತ್ತರೆ ತಾನೇ ಎಬ್ಬಿಸುವ ಕಾವಲು ಸಾಫ್ಟ್‌ವೇರ್ ಇರಲಿ. ನಂತರ ಪ್ರದರ್ಶನ ನಡೆಯುತ್ತಿರುವಾಗಲೇ ಮೇನ್ ಸ್ವಿಚ್ ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಹಾಕಿ, ಏನನ್ನೂ ಮುಟ್ಟದೆ ನಿಂತು ನೋಡಿ. ಎಲ್ಲವೂ ತಾನಾಗಿ ಮರಳಿ ಬರುವವರೆಗೆ ಕೆಲಸ ಮುಗಿದಿಲ್ಲ ಎಂದುಕೊಳ್ಳಿ.

ಕೊನೆಯ ಬಿಲ್ಲಿಗೆ ಸಹಿ ಹಾಕುವ ಮೊದಲು ಬಿಡಿಭಾಗ ಕೇಳಿ ಪಡೆಯಿರಿ. ಎಲ್‌ಇಡಿ ಗೋಡೆಗೆ ಹೆಚ್ಚಿನ ಮಾಡ್ಯೂಲ್‌ಗಳು ಅದೇ ಬ್ಯಾಚಿನವೇ ಆಗಿರಬೇಕು. ಎರಡು ವರ್ಷ ಬಿಟ್ಟು ಬೇರೆ ಬ್ಯಾಚಿನದ್ದು ತರಿಸಿದರೆ ಬಣ್ಣ ಹೊಂದದೆ ತೇಪೆಯ ಹಾಗೆ ಕಾಣುತ್ತದೆ. ಅವುಗಳನ್ನು ಗೋಡೆಯ ಹಿಂದೆಯೇ ಒಣ ಜಾಗದಲ್ಲಿ ಇಟ್ಟು, ಪೆಟ್ಟಿಗೆಯ ಮೇಲೆ ಯಾವ ಗೋಡೆಯದ್ದು ಎಂದು ದಪ್ಪಕ್ಷರದಲ್ಲಿ ಬರೆದಿಡಿ. ಒಂದು ಮಾಡ್ಯೂಲ್ ಬಿಚ್ಚಿ ಹಾಕುವುದನ್ನು ನಿಮ್ಮ ಸಿಬ್ಬಂದಿಯಿಂದಲೇ, ಜೋಡಿಸಿದವರ ಎದುರಿಗೇ ಮಾಡಿಸಿ.